ಕಲಬುರಗಿಯ ಮೀನಿನ ಅಂಗಡಿ: ತೊಟ್ಟಿ ಚೊಕ್ಕ, ಸಲಹೆ ಅರ್ಧಂಬರ್ಧ

ಊರ ನಡುವಿನ ಈ ಅಂಗಡಿಗೆ ಹೋದರೆ ಮೊದಲು ನೋಡಬೇಕಾದ್ದು ಬಣ್ಣದ ಮೀನಲ್ಲ, ತೊಟ್ಟಿಯ ತಳ. ಸತ್ತ ಮೀನು ಒಂದೂ ಇಲ್ಲ, ಉಳಿದ ಕಾಳು ಕೊಳೆತಿಲ್ಲ, ಪ್ರತಿ ತೊಟ್ಟಿಯಲ್ಲೂ ಸ್ಪಾಂಜ್ ಫಿಲ್ಟರ್ ಗಾಳಿಗುಳ್ಳೆ ಬಿಡುತ್ತಾ ಬುಳುಬುಳು ಅಂತಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಆ ಗಾಳಿಯೇ ಜೀವ: ನೀರು ಬಿಸಿಯಾದಷ್ಟೂ ಆಮ್ಲಜನಕ ಕಮ್ಮಿ. ಗೋಲ್ಡ್‌ಫಿಶ್ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಹಸಿವು ಅಂತ ಕಾಳು ಹಾಕಬೇಡಿ, ಅದಕ್ಕೆ ಉಸಿರು ಸಾಲುತ್ತಿಲ್ಲ.

ಬೇಜಾರು ಬೆಟ್ಟಾಗಳದ್ದು, ಅಂದರೆ ಫೈಟರ್ ಮೀನುಗಳದ್ದು. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಒಂದು ಲೋಟ ನೀರು. ರೆಕ್ಕೆಯ ಅಂಚು ಕೊಳೆತು ಹರಕು ಬಟ್ಟೆಯಂತಾಗಿದೆ.

ಹಳೆಯ ಕೆಲಸಗಾರರಿಗೆ ವಿಷಯ ಗೊತ್ತು. ಮೀನು ತಂದ ಕವರನ್ನು ಕಟ್ಟಿದ ಹಾಗೇ 15-20 ನಿಮಿಷ ಮನೆಯ ತೊಟ್ಟಿಯಲ್ಲಿ ತೇಲಿಬಿಡಿ, ಆಮೇಲೆ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಕವರಿನ ನೀರು ಸುರಿಯದೆ ಮೀನನ್ನಷ್ಟೇ ಜಾಲರಿಯಲ್ಲಿ ಎತ್ತಿ ಬಿಡಿ ಎಂದು ತಾವಾಗೇ ಹೇಳುತ್ತಾರೆ. ಹೊಸ ಹುಡುಗರ ಮಾತೇ ಬೇರೆ: "ಇವತ್ತೇ ಟ್ಯಾಂಕ್, ಇವತ್ತೇ ಮೀನ ಒಯ್ರಿ." ಎಡವಟ್ಟಾಗುವುದು ಇಲ್ಲೇ. ಮೀನಿನ ಹೊಲಸಿನಿಂದ ಬರುವ ವಿಷ ಅಮೋನಿಯಾ, ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಹೊಸ ಫಿಲ್ಟರಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೊದಲ ದಿನವೇ ಹತ್ತು ಮೀನು ತುಂಬಿದರೆ ಒಂದೊಂದಾಗಿ ಮಗುಚುತ್ತವೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಬೇಕೇಬೇಕು. ಬೋರ್‌ವೆಲ್ಲಿನ ಗಡಸು ನೀರು ಗಪ್ಪಿ, ಮೊಲಿಗಳಿಗೆ ಹಿತ, ನಿಯಾನ್ ಟೆಟ್ರಾಗೆ ಅಲ್ಲ.

ಇನ್ನೊಂದು ತಕರಾರು: ಒಂದೇ ಜಾಲರಿ ಎಲ್ಲ ತೊಟ್ಟಿಗೂ ಓಡಾಡುತ್ತದೆ. ಯಾವುದಾದರೂ ಮೀನಿನ ಮೈಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕೆ ಕಂಡರೆ ಅದು ಅಂಟುರೋಗ, ಪಕ್ಕದ ತೊಟ್ಟಿಯದ್ದನ್ನೂ ಕೊಳ್ಳಬೇಡಿ.