ಕ್ಯಾಟ್ ಮ್ಯಾಪ್, ಲಾಜಿಸ್ಟಿಕ್ ಮ್ಯಾಪ್, ಎಇಎಸ್: ಇಟಗಿ ಗುಡಿ ಫೋಟೋಕ್ಕ ಮೂರೂ ಹಚ್ಚಿ ನೋಡಿದ್ವಿ

ಕೊಪ್ಪಳದಾಗ ನಮ್ಮ ತಂಗಿ ಎಂಸಿಎ ಪ್ರಾಜೆಕ್ಟ್‌ಗೆ ಕೇಯಾಸ್ ಎನ್‌ಕ್ರಿಪ್ಶನ್ (ಊಹಿಸಾಕ ಆಗದಂಗ ಏರುಪೇರಾಗೂ ಲೆಕ್ಕದಿಂದ ಫೋಟೋ ಗುಪ್ತ ಮಾಡೂದು) ತಗೊಂಡಾಳ. "ಅಣ್ಣಾ, ಕೀ ಸ್ಪೇಸ್, ಅಂದ್ರ ಹಾಕಬಹುದಾದ ಒಟ್ಟು ಕೀ, 10ರ ಘಾತ 30 ಐತಿ, ಯಾರಿಗೂ ಒಡಿಯಾಕ ಆಗಂಗಿಲ್ಲ" ಅಂದ್ಲು. ಹಂಗಾದ್ರ ನೋಡೇಬಿಡೋಣು ಅಂತ ಇಬ್ರೂ ಕುಂತು ಇಟಗಿ ಮಹಾದೇವ ಗುಡಿ ಫೋಟೋನ 256×256 ಪಿಕ್ಸೆಲ್ ಗ್ರೇಸ್ಕೇಲ್ (ಕಪ್ಪು-ಬಿಳಿ) ಮಾಡಿ, ಪೈಥಾನ್‌ದಾಗ ಕೇಯಾಸ್‌ದ ಎರಡು ಮ್ಯಾಪ್ ಮತ್ತ ಎಇಎಸ್ ಅನ್ನೂ ಸ್ಟ್ಯಾಂಡರ್ಡ್ ಎನ್‌ಕ್ರಿಪ್ಶನ್, ಮೂರೂ ಹಚ್ಚಿದ್ವಿ.

ಅರ್ನಾಲ್ಡ್ ಕ್ಯಾಟ್ ಮ್ಯಾಪ್ ಬರೀ ಪಿಕ್ಸೆಲ್ ಜಾಗಾ ಬದಲಿ ಮಾಡ್ತೈತಿ, ಹಿಸ್ಟೋಗ್ರಾಂ (ಯಾವ ಛಾಯೆ ಪಿಕ್ಸೆಲ್ ಎಷ್ಟು ಅನ್ನೂ ಲೆಕ್ಕ) ಹಂಗ ಉಳೀತೈತಿ. 192 ಸಲ ತಿರುವಿದ್ರ ಗುಡಿ ಹೊಳ್ಳಿ ಹೆಂಗಿತ್ತೋ ಹಂಗ ಬಂದು ನಿಂತ್ತು. ಒಂದೊಂದಾಗಿ ತಿರುವಿ ನೋಡಿದ್ರ ಮುಗೀತು, ಕೀ ಹುಡುಕೂ ಮಾತೇ ಇಲ್ಲ.

ಲಾಜಿಸ್ಟಿಕ್ ಮ್ಯಾಪ್ ಮಾತ್ರ ನಂಗ ಬಾಳ ಸೇರ್ತು, ಒಂದೇ ಸಾಲಿನ ಲೆಕ್ಕ: ಹೊಸ ಎಕ್ಸ್ = ಆರ್ × ಎಕ್ಸ್ × (1 − ಎಕ್ಸ್). ಹಿಂಗ ಬರೂ ಎಕ್ಸ್‌ಗಳನ್ನ ಬೈಟ್ (0ರಿಂದ 255ರ ತನಕದ ಸಂಖ್ಯೆ) ಮಾಡಿದ್ರ ಅದ ಕೀಸ್ಟ್ರೀಮ್. ಅದನ್ನ ಪಿಕ್ಸೆಲ್ ಜೊತಿ ಎಕ್ಸಾರ್ (ಬಿಟ್‌ಗೆ ಬಿಟ್ ಬೆರೆಸೂ ಲೆಕ್ಕ, ಇನ್ನೊಮ್ಮೆ ಮಾಡಿದ್ರ ಅಸಲಿ ಹೊಳ್ಳಿ ಬರ್ತೈತಿ) ಮಾಡಿದ್ರ ಫೋಟೋ ಮುಚ್ತೈತಿ. ಮೊದಲ ಎಕ್ಸ್ ಮತ್ತ ಆರ್ ಎರಡೂ ಕೀ, ಒಂದೊಂದಕ್ಕ 15 ದಶಮಾಂಶ ಹಿಡಿದ್ರ 10ರ ಘಾತ 30, ಅಂದ್ರ ಹತ್ತತ್ರ 2ರ ಘಾತ 100, ತಂಗಿ ಹೇಳಿದ್ದು ಇದನ್ನ. ಆದ್ರ ಆ ಎಲ್ಲಾ ಕೀನೂ ಗಟ್ಟಿ ಇರಂಗಿಲ್ರಿ. ಆರ್ 3.57 ದಾಟಿದ ಮ್ಯಾಲ ಕೇಯಾಸ್ ಶುರು ಆಗ್ತೈತಿ ಖರೆ, ಆದ್ರ ನಡುವ ಕೇಯಾಸ್ ಇಲ್ಲದ ಕಿಂಡಿ ಅದಾವ. 3.83 ಹಾಕಿದ್ವಿ, ಸ್ವಲ್ಪ ಹೊತ್ತಿಗೆ ಕೀಸ್ಟ್ರೀಮ್‌ದಾಗ 39, 129, 245 ಈ ಮೂರೇ ಬೈಟ್ ತಿರುಗಿ ತಿರುಗಿ ಬರಾಕ ಹತ್ತಿದ್ವು. 256ನ್ನ ಮೂರರಿಂದ ಭಾಗಿಸಿದ್ರ ಒಂದು ಉಳೀತೈತಲ್ಲ, ಅದಕ್ಕ ಪ್ರತಿ ಸಾಲೂ ಒಂದೊಂದು ಪಿಕ್ಸೆಲ್ ಸರಿದು ಚಿತ್ರದ ತುಂಬ ಓರೆ ಪಟ್ಟಿ, ಅದರ ಹಿಂದ ಶಿಖರದ ಅಂಚು ಸಾಫ್ ಕಾಣ್ತಿತ್ತು. ತಂಗಿ ಸುಮ್ಮನ ನೋಡ್ಕೋತ ಕುಂತ್ಲು.

ಇನ್ನೊಂದು, ಆರ್ 3.99 ಇಟ್ಟು ಎಕ್ಸ್ ಒಮ್ಮೆ 0.25, ಒಮ್ಮೆ 0.75 ಕೊಟ್ವಿ, ಮೊದಲ ಸುತ್ತಿನಿಂದನ ಎರಡೂ ಒಂದೇ, ಯಾಕಂದ್ರ ಎಕ್ಸ್ ಮತ್ತ 1 − ಎಕ್ಸ್ ಗುಣಿಸಿದ್ರ ಉತ್ತರ ಅದೇ ಬರ್ತೈತಿ. ಮತ್ತ ಅದೇ ಕೀಯಿಂದ ಎರಡು ಫೋಟೋ ಮುಚ್ಚಿದ್ರಿ, ಒಂದರ ಅಸಲಿ ಯಾರ ಕೈಗಾರ ಸಿಕ್ತು ಅಂದ್ರ ಅದನ್ನ ಅದರ ಮುಚ್ಚಿದ ಪ್ರತಿ ಜೊತಿ ಎಕ್ಸಾರ್ ಮಾಡಿ ಕೀಸ್ಟ್ರೀಮ್ ತಗೊಂಡು ಎರಡನೇದೂ ತಗೀತಾರ, ಕೀ ಬೇಕಾಗೇ ಇಲ್ಲ.

ಎಇಎಸ್ 2001ರಾಗ ಅಮೆರಿಕದ ಸ್ಟ್ಯಾಂಡರ್ಡ್ ಆತು, ಕೀ ಕನಿಷ್ಠ 128 ಬಿಟ್, ಅವತ್ತಿಂದ ಜಗತ್ತಿನ ಮಂದಿ ಬಹಿರಂಗವಾಗಿ ಒಡಿಯಾಕ ನೋಡಿದ್ರೂ ಪೂರ್ತಿ ಎಇಎಸ್ ನಿಂತೈತಿ. ಸಿಟಿಆರ್ ಮೋಡ್‌ದಾಗ (ಎಇಎಸ್‌ನಿಂದ ಕೀಸ್ಟ್ರೀಮ್ ತಗಿಯೂ ರೀತಿ) ಪ್ರತಿ ಫೋಟೋಕ್ಕ ಹೊಸ ನಾನ್ಸ್ (ಒಂದೇ ಸಲ ಬಳಸೂ ಸಂಖ್ಯೆ) ಕೊಟ್ವಿ, ಒಂದೇ ಕೀ ಇದ್ರೂ ಕೀಸ್ಟ್ರೀಮ್ ಬ್ಯಾರೆ ಬ್ಯಾರೆ. ಮನಿ ಕಾಗದಪತ್ರ ಮುಚ್ಚಿಡಾಕ ನಾ ಇದನ್ನ ಬಳಸ್ತೀನಿ.

ತಂಗಿ ವಿಷಯ ಬದಲಿ ಮಾಡಿಲ್ಲ, ಮಾಡೂದೂ ಬ್ಯಾಡ. ಕೀ ಸ್ಪೇಸ್ ಟೇಬಲ್ ಬಾಜೂಕ ಆ ಓರೆ ಪಟ್ಟಿ ಚಿತ್ರಾನೂ ಹಾಕು ಅಂದೀನಿ.