ವಾರಂಟಿಯಲ್ಲಿರುವ ಗೇಮಿಂಗ್ ಲ್ಯಾಪ್‌ಟಾಪ್ ಕೆಟ್ಟರೆ: ಮನೆಗೆ ಕರೆಸುವುದೋ, ಸೆಂಟರ್‌ಗೆ ಒಯ್ಯುವುದೋ, ಎಸ್‌ಪಿ ರೋಡೋ?

ಗೇಮಿಂಗ್ ಲ್ಯಾಪ್‌ಟಾಪ್ ಪೂರ್ತಿ ಸತ್ತುಹೋದರೆ ಅಷ್ಟು ತಲೆನೋವಿಲ್ಲ. ಯಾರಿಗೆ ತೋರಿಸಿದರೂ ಕೆಟ್ಟಿದೆ ಅಂತ ಒಪ್ಪುತ್ತಾರೆ. ಅರ್ಧಂಬರ್ಧ ಕೆಟ್ಟರೆ ಕಷ್ಟ. ನನ್ನದು ಹಾಗೇ ಆಗಿತ್ತು. ಬ್ರೌಸರ್, ಸಿನಿಮಾ, ಆಫೀಸಿನ ಕೆಲಸ ಎಲ್ಲ ಸರಿಯಾಗಿ ನಡೆಯುತ್ತಿತ್ತು. ದೊಡ್ಡ ಗೇಮ್ ಹಾಕಿ ಸ್ವಲ್ಪ ಹೊತ್ತಾದರೆ ಸ್ಕ್ರೀನ್ ಕಪ್ಪಾಗುತ್ತಿತ್ತು, ಫ್ಯಾನ್ ಮಾತ್ರ ಕಿರುಚುತ್ತಿತ್ತು. ಪವರ್ ಬಟನ್ ಒತ್ತಿ ಹಿಡಿದರೆ ಮಾತ್ರ ಅದಕ್ಕೆ ಸಮಾಧಾನ.

ವಾರಂಟಿ ಇನ್ನೂ ಬಾಕಿ ಇತ್ತು. ಬೆಂಗಳೂರಿನಲ್ಲಿ ಇದಕ್ಕೆ ಇರುವ ದಾರಿಗಳನ್ನು ಒಂದೊಂದಾಗಿ ನೋಡಿದೆ. ಕಂಪನಿಯ ಹೆಸರು ಬೇಡ. ಬೇರೆ ಬ್ರ್ಯಾಂಡ್ ಕೊಂಡ ಗೆಳೆಯರ ಕಥೆಯೂ ಹೆಚ್ಚುಕಮ್ಮಿ ಇದೇ.

ಮೊದಲನೆಯದು, ಮನೆಗೇ ಬರುವ ಸರ್ವಿಸ್. ಕೇಳಲು ಇದಕ್ಕಿಂತ ಸುಖ ಇಲ್ಲ. ಆದರೆ ಹುಡುಗ ಬರುವ ಮುಂಚೆ ಫೋನಿನ ಪೂಜೆ ಮುಗಿಯಬೇಕು. ಬಯೋಸ್ (ಲ್ಯಾಪ್‌ಟಾಪ್ ಆನ್ ಮಾಡಿದಾಗ ಮೊದಲು ಏಳುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅಂದರು. ಮಾಡಿದೆ. ವಿಂಡೋಸ್ ಹೊಸದಾಗಿ ಹಾಕಿ ಅಂದರು. ಅದೂ ಆಯಿತು. ಆಮೇಲೆ ಫೋನಿನಲ್ಲೇ ರ್‍ಯಾಮ್ ಕೆಟ್ಟಿದೆ ಅಂತ ತೀರ್ಮಾನಿಸಿ, ಅದನ್ನಷ್ಟೇ ಕೈಗೆ ಕೊಟ್ಟು ಟೆಕ್ನೀಷಿಯನ್ನನ್ನು ಕಳಿಸಿದರು. ಮನೆ ಸರ್ವಿಸ್‌ನ ದೊಡ್ಡ ದೋಷ ಇದೇ. ರೋಗ ನೋಡುವ ಮೊದಲೇ ಮದ್ದು ಬ್ಯಾಗಿಗೆ ಬಿದ್ದಿರುತ್ತದೆ. ಬಂದವನ ಹತ್ತಿರ ಬೇರೆ ಬಿಡಿಭಾಗ ಇರುವುದಿಲ್ಲ.

ಹುಡುಗ ಒಳ್ಳೆಯವನು. ಊಟದ ಮೇಜಿನ ಮೇಲೆ ನೀಟಾಗಿ ಬಿಚ್ಚಿ ರ್‍ಯಾಮ್ ಬದಲಿಸಿದ. ವಿಂಡೋಸ್ ಆನ್ ಆಯಿತು. "ಸಾರ್, ನಿಮ್ಗೊಂದು ಓಟಿಪಿ ಬಂದಿರುತ್ತೆ, ಹೇಳ್ತೀರಾ?" ಅಂದ. ಆ ಓಟಿಪಿ ಕೊಟ್ಟರೆ ಕಂಪ್ಲೇಂಟ್ ಕ್ಲೋಸ್. ರಿಪೇರಿ ಆಗಿದೆ ಅಂತ ನಾವೇ ಸಹಿ ಹಾಕಿದ ಹಾಗೆ. "ಗೇಮ್ ಹಾಕಿ ನೋಡೋಣ, ಅಷ್ಟರಲ್ಲಿ ಕಾಫಿ ಕುಡೀರಿ" ಅಂದೆ. ಲೋಟ ಖಾಲಿಯಾಗುವ ಮೊದಲೇ ಸ್ಕ್ರೀನ್ ಕಪ್ಪಾಯಿತು. ಅವನೇ ಫೋಟೊ ತೆಗೆದುಕೊಂಡ. "ನನ್ ಹತ್ರ ಇರೋದು ಇಷ್ಟೇ ಸಾರ್, ಸೆಂಟರ್‌ಗೆ ತಗೊಂಡ್ಹೋಗಿ" ಅಂದ. ಓಟಿಪಿ ಕೊಡಲಿಲ್ಲ. ಅವನೂ ಒತ್ತಾಯಿಸಲಿಲ್ಲ.

ಕಂಪನಿಯ ಸರ್ವಿಸ್ ಸೆಂಟರ್ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಟೋಕನ್, ಕುರ್ಚಿ, ಕಾಯುವುದು, ಅದೆಲ್ಲ ಮಾಮೂಲಿ. ಎಡವಟ್ಟಾದದ್ದು ಕೌಂಟರ್‌ನಲ್ಲಿ. ನಾನು ಅಷ್ಟುದ್ದ ಹೇಳಿದ ಕಥೆ ಜಾಬ್ ಶೀಟ್‌ನಲ್ಲಿ "ಹ್ಯಾಂಗ್ ಪ್ರಾಬ್ಲಮ್" ಅಂತ ಎರಡು ಪದವಾಯಿತು. ಪೂರ್ತಿ ಬರೆಯಿರಿ ಅಂದರೆ, ಸಿಸ್ಟಮ್‌ನಲ್ಲಿ ಜಾಗ ಇಲ್ಲ ಅಂದರು. ಇಟ್ಟಿಗೆ ಗಾತ್ರದ ಚಾರ್ಜರ್ ಮುಂದಿಟ್ಟರೆ, "ಬೇಡ ಸಾರ್, ನಮ್ಮ ಹತ್ರ ಇದೆ" ಅಂತ ವಾಪಸ್ ಕೊಟ್ಟರು. ಆಮೇಲೆ ಬಂದ ಉತ್ತರ: ದೋಷ ಕಂಡುಬಂದಿಲ್ಲ, ತೆಗೆದುಕೊಂಡು ಹೋಗಿ.

ಹೇಗೆ ಟೆಸ್ಟ್ ಮಾಡಿದಿರಿ ಅಂತ ಕೇಳಿದೆ. ದಿನವಿಡೀ ವಿಡಿಯೊ ಓಡಿಸಿದ್ದರಂತೆ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಇರುತ್ತವೆ. ಒಂದು ಪ್ರೊಸೆಸರ್ ಒಳಗಿನ ಸಣ್ಣದು, ಇನ್ನೊಂದು ಗೇಮ್‌ಗೆ ಅಂತಲೇ ಇರುವ ದೊಡ್ಡದು. ಕರೆಂಟ್ ಉಳಿಸಲು ವಿಡಿಯೊ, ಬ್ರೌಸರ್‌ನಂಥ ಕೆಲಸವನ್ನು ಸಣ್ಣದೇ ನೋಡಿಕೊಳ್ಳುತ್ತದೆ. ದೊಡ್ಡದು ಮಲಗಿರುತ್ತದೆ. ಚಾರ್ಜರ್ ವಿಷಯವೂ ಹಾಗೇ. 230, 240 ವ್ಯಾಟ್‌ನ ಒರಿಜಿನಲ್ ಚಾರ್ಜರ್ ಇಲ್ಲದೆ, ಬ್ಯಾಟರಿಯಲ್ಲೋ ಸಣ್ಣ ಟೈಪ್-ಸಿ ಚಾರ್ಜರ್‌ನಲ್ಲೋ ಓಡಿಸಿದರೆ ದೊಡ್ಡ ಚಿಪ್‌ಗೆ ಪೂರ್ತಿ ಪವರ್ ಸಿಗುವುದೇ ಇಲ್ಲ. ಅಂದರೆ ಕೆಟ್ಟಿರುವ ಭಾಗವನ್ನು ಎಬ್ಬಿಸದೆಯೇ ಆರೋಗ್ಯವಾಗಿದೆ ಅಂತ ಸರ್ಟಿಫಿಕೇಟ್ ಕೊಟ್ಟಿದ್ದರು.

ಸಿಟ್ಟಿನಲ್ಲೇ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆ. ಅಲ್ಲಿಂದ ಎಸ್‌ಪಿ ರೋಡ್, ಅಂದರೆ ಕಂಪ್ಯೂಟರ್ ಬಿಡಿಭಾಗ, ರಿಪೇರಿ ಅಂಗಡಿಗಳು ತುಂಬಿರುವ ನಮ್ಮ ಸಾದರ ಪತ್ರಪ್ಪ ರಸ್ತೆ, ನಡೆದೇ ಹೋಗಬಹುದು. ಸಣ್ಣ ಅಂಗಡಿ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಅಂಗಡಿಯವರು ಮೊದಲು ಕೇಳಿದ್ದೇ ಚಾರ್ಜರ್. ಅದನ್ನು ಹಾಕಿ, ದೊಡ್ಡ ಗ್ರಾಫಿಕ್ಸ್‌ಗೆ ಪೂರ್ತಿ ಲೋಡ್ ಕೊಟ್ಟು, ಪಕ್ಕದಲ್ಲಿ ಶಾಖ ಮತ್ತು ವ್ಯಾಟ್ ತೋರಿಸುವ ಸಾಫ್ಟ್‌ವೇರ್ ತೆರೆದಿಟ್ಟರು. ಶಾಖ ಎಂಬತ್ತು ಡಿಗ್ರಿ ದಾಟುವ ಮೊದಲೇ ಸ್ಕ್ರೀನ್ ಕಪ್ಪು. "ಬಿಸಿ ಪ್ರಾಬ್ಲಮ್ ಅಲ್ಲ ಸಾರ್, ಪವರ್ ಸೆಕ್ಷನ್ ನೋಡ್ಬೇಕು" ಅಂದರು.

ಬಿಚ್ಚಿ ಅಂದರೆ ಮಾತ್ರ ಒಪ್ಪಲಿಲ್ಲ. ನಾವು ಒಳಗಿನ ಮದರ್‌ಬೋರ್ಡ್ ಮುಟ್ಟಿದರೆ ಕಂಪನಿಯವರು ಅದನ್ನೇ ನೆಪ ಮಾಡುತ್ತಾರೆ, ವಾರಂಟಿ ಮುಗಿದ ಮೇಲೆ ಬನ್ನಿ ಅಂದರು. ಕೈಗೆ ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವುದು ಸಣ್ಣ ಮಾತಲ್ಲ. ಇಲ್ಲಿಯವರು ಚಿಪ್ ಮಟ್ಟದಲ್ಲಿ ಕೆಲಸ ಮಾಡುತ್ತಾರೆ. ಸುಟ್ಟ ಒಂದು ಬಿಡಿಭಾಗವನ್ನು ಹುಡುಕಿ ಅದನ್ನಷ್ಟೇ ಬದಲಿಸುತ್ತಾರೆ. ಕಂಪನಿಯವರು ಇಡೀ ಬೋರ್ಡನ್ನೇ ಬದಲಿಸುತ್ತಾರೆ, ಯಾಕೆಂದರೆ ಗ್ರಾಫಿಕ್ಸ್ ಚಿಪ್ಪೂ ಅದಕ್ಕೇ ಬೆಸುಗೆಯಾಗಿರುತ್ತದೆ. ರೋಗ ಕಂಡುಹಿಡಿಯುವುದರಲ್ಲಿ ಈ ಅಂಗಡಿಗೇ ನನ್ನ ಮೊದಲ ಸ್ಥಾನ. ಆದರೆ ವಾರಂಟಿ ಇರುವವರೆಗೆ ಅವರಿಂದ ತೆಗೆದುಕೊಳ್ಳಬಹುದಾದ್ದು ಸಲಹೆ ಮಾತ್ರ. ಅಲ್ಲೇ ಕೂತು ಆ ಟೆಸ್ಟ್‌ನ ವಿಡಿಯೊ ಮಾಡಿಕೊಂಡೆ.

ಆ ವಿಡಿಯೊ ಹಿಡಿದುಕೊಂಡು 1915ಕ್ಕೆ ಫೋನ್ ಮಾಡಿದೆ. ಇದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಇದು ಕೋರ್ಟ್ ಅಲ್ಲ, ಯಾರಿಗೂ ಆದೇಶ ಕೊಡುವುದಿಲ್ಲ. ದೂರು ಬರೆದುಕೊಂಡು ಕಂಪನಿಗೆ ದಾಟಿಸುತ್ತದೆ, ಅಷ್ಟೇ. ಆದರೂ ಕೆಲಸ ಆಯಿತು. ಇಷ್ಟು ದಿನ "ಚೆಕ್ ಮಾಡಿ ಹೇಳ್ತೀವಿ" ಅನ್ನುತ್ತಿದ್ದ ಕಂಪನಿಯಿಂದ ಬೇರೆ ಯಾರೋ ಫೋನ್ ಮಾಡಿ, ವಿಡಿಯೊ ಕಳಿಸಿ ಅಂದರು. ಸೆಂಟರ್‌ನಲ್ಲಿ ಈ ಸಲ ಜಾಬ್ ಶೀಟ್‌ನಲ್ಲಿ ಜಾಗವೂ ಸಿಕ್ಕಿತು. ಒರಿಜಿನಲ್ ಚಾರ್ಜರ್ ಹಾಕಿ, ದೊಡ್ಡ ಗ್ರಾಫಿಕ್ಸ್‌ಗೆ ಅರ್ಧ ಗಂಟೆ ಲೋಡ್ ಕೊಟ್ಟು ನೋಡಬೇಕು ಅಂತ ಬರೆಸಿದೆ. ಚಾರ್ಜರ್ ಕೊಟ್ಟದ್ದನ್ನೂ ಬರೆಸಿದೆ. ಬೋರ್ಡ್ ಬದಲಾಯಿತು.

ಗ್ರಾಹಕರ ಆಯೋಗದವರೆಗೆ, ಅಂದರೆ ಗ್ರಾಹಕ ಕೋರ್ಟ್‌ವರೆಗೆ, ಹೋಗಬೇಕಾಗಲಿಲ್ಲ, ಹಾಗಾಗಿ ಅದನ್ನು ಈ ಹೋಲಿಕೆಗೆ ಸೇರಿಸುವುದಿಲ್ಲ. ಹೋಗುವವರಿಗೆ ಇಷ್ಟು ಗೊತ್ತಿರಲಿ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ತೊಂದರೆ ಆದ 2 ವರ್ಷದೊಳಗೆ ಕೊಡಬೇಕು.

ಬೋರ್ಡ್ ಬದಲಾದ ಮೇಲೆ ಇನ್ನೊಂದು ಕಿರಿಕಿರಿ ಇದೆ. ವಿಂಡೋಸ್‌ನಲ್ಲಿ ಡೇಟಾಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ, ಹೊಸ ಬೋರ್ಡ್ ನೋಡಿದ ತಕ್ಷಣ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಲ್ಯಾಪ್‌ಟಾಪ್ ಕೊಡುವ ಮೊದಲೇ ಬರೆದಿಟ್ಟುಕೊಳ್ಳಿ, ಡೇಟಾ ಬ್ಯಾಕಪ್ ಮಾಡಿ. ಡೇಟಾಗೆ ಅವರು ಜವಾಬ್ದಾರರಲ್ಲ ಅಂತ ಶೀಟ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಈಗ ವಾರಂಟಿ ಮುಂದುವರಿಸಿ ಅಂತ ಕಂಪನಿಯಿಂದ ಮೆಸೇಜ್ ಬರುತ್ತಿದೆ. ಮನೆಗೆ ಬರುವ ಪ್ಲಾನ್‌ಗೆ ದುಡ್ಡು ಜಾಸ್ತಿ, ಸೆಂಟರ್‌ಗೆ ಒಯ್ಯುವುದಕ್ಕೆ ಕಡಿಮೆ. ಕೀಬೋರ್ಡ್, ಫ್ಯಾನ್, ಬ್ಯಾಟರಿಯಂಥ ಕಣ್ಣಿಗೆ ಕಾಣುವ ತೊಂದರೆಗೆ ಮನೆ ಸರ್ವಿಸ್ ಚೆನ್ನ, ಟ್ರಾಫಿಕ್ ತಪ್ಪುತ್ತದೆ. ಬಂದು ಹೋಗುವ ತೊಂದರೆಗೆ ಹೇಗೂ ಸೆಂಟರ್‌ಗೇ ಹೋಗಬೇಕು. ನಾನು ಕಡಿಮೆಯದ್ದನ್ನೇ ತೆಗೆದುಕೊಳ್ಳುತ್ತಿದ್ದೇನೆ. ಉಳಿದ ದುಡ್ಡಿನಲ್ಲಿ ಆಟೊಗೆ ಆಗುತ್ತದೆ, ಮೀಟರ್ ಮೇಲೆ ಕೇಳಿದರೂ.