ಸಾಫ್ಟ್‌ವೇರ್ ಯಾವಾಗ ಮುಗಿಯುತ್ತೆ? ಬಳಸಿ ನೋಡಿದ ನಾಲ್ಕು ಅಂದಾಜು ಪದ್ಧತಿಗಳು

ಸಕ್ಕರೆ ಕಾರ್ಖಾನೆಗೆ ಸಾಫ್ಟ್‌ವೇರ್ ಮಾಡುವವರಿಗೆ ಒಂದು ವಿಷಯದಲ್ಲಿ ಗೊಂದಲವೇ ಇರುವುದಿಲ್ಲ: ಮುಗಿಸಬೇಕಾದ ದಿನ. ಕಬ್ಬು ನುರಿಸುವ ಹಂಗಾಮು ಅಕ್ಟೋಬರ್ ಕೊನೆಗೋ ನವೆಂಬರ್‌ನಲ್ಲೋ ಶುರುವಾಗುತ್ತದೆ. ಕಬ್ಬಿನ ಗಾಡಿ ತೂಗುವ ಕಾಟಾ ಮುಂದೆ ಟ್ರ್ಯಾಕ್ಟರ್‌ಗಳ ಸಾಲು ನಿಂತ ಮೇಲೆ "ಇನ್ನೆರಡು ವಾರ ಕೊಡಿ" ಅಂತ ಕೇಳೋಕೆ ಆಗಲ್ಲ. ಬೆಳಗಾವಿಯ ನಮ್ಮ ಸಣ್ಣ ತಂಡ ಈ ಕಡೆಯ ಮತ್ತು ಬಾಗಲಕೋಟೆ ಜಿಲ್ಲೆಯ ಕಾರ್ಖಾನೆಗಳಿಗೆ ಕಾಟಾ ತೂಕ, ಕಬ್ಬು ಕಡಿಯುವವರ ಕಟಾವು ಗ್ಯಾಂಗ್, ರೈತರ ಬಿಲ್ಲಿನ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತದೆ. ನಡುನಡುವೆ ಉದ್ಯಮಬಾಗದ ಫೌಂಡ್ರಿಗಳ ಕೆಲಸವೂ ಬರುತ್ತದೆ. ಹೀಗೆ ಕೆಲಸ ಮಾಡುತ್ತಲೇ ನಾಲ್ಕು ಬಗೆಯಲ್ಲಿ ಅಂದಾಜು ಹಾಕಿ ನೋಡಿದ್ದೇವೆ.

ಅಂದಾಜು ಕರಾರುವಾಕ್ಕಾಗಿ ಬಂತಾ ಅಂತ ನಾನು ಅಳೆಯಲು ಹೋಗಲಿಲ್ಲ. ಯಾವುದೂ ಹಾಗೆ ಬರುವುದಿಲ್ಲ ಬಿಡಿ. ತಡ ಆಗುತ್ತಿದೆ ಅನ್ನುವುದನ್ನು ಯಾವ ಪದ್ಧತಿ ಮೊದಲು ಹೇಳುತ್ತದೆ, ಅಷ್ಟನ್ನೇ ನೋಡಿದೆ. ಜುಲೈನಲ್ಲಿ ಗೊತ್ತಾದರೆ ನಾಲ್ಕು ರಿಪೋರ್ಟ್ ಮುಂದಕ್ಕೆ ಹಾಕಿ ಬಚಾವಾಗಬಹುದು. ಅಕ್ಟೋಬರ್‌ನಲ್ಲಿ ಗೊತ್ತಾದರೆ ನಿದ್ದೆ ಬಿಡಬೇಕು.

ಮೊದಲನೆಯದು ಎಲ್ಲರೂ ಮಾಡುವಂಥದ್ದು. ಎಕ್ಸೆಲ್‌ನಲ್ಲಿ ಕೆಲಸಗಳ ಪಟ್ಟಿ, ಎದುರಿಗೆ ಎಷ್ಟು ತಾಸು, ಕೆಳಗೆ ಒಟ್ಟು ಮೊತ್ತ, ಆಮೇಲೆ ಗ್ಯಾಂಟ್ ಚಾರ್ಟ್. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ 1910ರ ದಶಕದಲ್ಲಿ ಬಳಕೆಗೆ ತಂದ ಚಿತ್ರ ಇದು, ಒಂದೊಂದು ಕೆಲಸಕ್ಕೆ ಎಷ್ಟು ದಿನ ಅಂತ ಒಂದೊಂದು ಅಡ್ಡ ಪಟ್ಟಿ ಎಳೆದು ತೋರಿಸುತ್ತದೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ದುಬಾರಿ ಅನ್ನಿಸಿ ನಾವು ಪುಕ್ಕಟೆ ಸಿಗುವ ಗ್ಯಾಂಟ್‌ಪ್ರಾಜೆಕ್ಟ್ ಬಳಸಿದೆವು. ನಮ್ಮ ಅಳತೆಯ ಕೆಲಸಕ್ಕೆ ಅದೇ ಬೇಕಾದಷ್ಟಾಯಿತು.

ಕಾರ್ಖಾನೆಯವರಿಗೆ ಈ ಚಾರ್ಟ್ ಅಂದರೆ ಬಲು ಇಷ್ಟ. ಪ್ರಿಂಟ್ ತೆಗೆದು ಆಫೀಸಿನ ಗೋಡೆಗೇ ಅಂಟಿಸಿಕೊಳ್ಳುತ್ತಾರೆ. ಕಷ್ಟ ಇರುವುದೂ ಅಲ್ಲೇ. ಗೋಡೆಗೆ ಅಂಟಿದ ಮೇಲೆ ಅದು ಅಂದಾಜಲ್ಲ, ಮಾತು ಕೊಟ್ಟ ಹಾಗೆ. ಒಂದು ಪಟ್ಟಿ ಐದು ದಿನ ಅಂತ ತೋರಿಸಿದರೆ ಅದು ಮೂರೂ ಆಗಬಹುದು, ಹನ್ನೆರಡೂ ಆಗಬಹುದು ಅನ್ನುವುದು ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ. ತಾಸಿನ ಲೆಕ್ಕದ್ದು ಇನ್ನೊಂದು ಕಥೆ. ದಿನಕ್ಕೆ ಎಂಟು ತಾಸು ಅಂತ ಭಾಗಿಸುತ್ತೇವೆ. ಫೋನು, ಹಳೆ ಗಿರಾಕಿಗಳ ಬಗ್, ಮೀಟಿಂಗ್ ಎಲ್ಲ ಕಳೆದರೆ ಕೋಡ್ ಬರೆಯಲು ಅಷ್ಟು ಹೊತ್ತು ಯಾರಿಗೆ ಉಳಿಯುತ್ತೆ? ಅದರ ಮೇಲೆ "90 ಪರ್ಸೆಂಟ್ ಮುಗಿದಿದೆ" ಅನ್ನುವ ಮಾತು ವಾರಗಟ್ಟಲೆ ಅಲ್ಲೇ ನಿಂತಿರುತ್ತದೆ. ತಡ ಆಗಿದೆ ಅಂತ ತೀರಾ ಕೊನೆಗೆ ಹೇಳಿದ್ದು ಇದೇ ಪದ್ಧತಿ.

ಆದರೂ ಇದನ್ನು ಪೂರ್ತಿ ಬಿಟ್ಟಿಲ್ಲ. ನಮ್ಮ ಕೈಯಲ್ಲಿ ಇಲ್ಲದ ಕೆಲಸಗಳಿಗೆ ಇದೇ ಸರಿ. ಕಾಟಾ ರೂಮಿಗೆ ಕೇಬಲ್ ಎಳೆಯದೆ ಟೆಸ್ಟಿಂಗ್ ಆಗಲ್ಲ, ಗ್ಯಾಂಗ್‌ಗಳ ಕಟಾವು ದರ ಕಾರ್ಖಾನೆಯಿಂದ ಬಾರದೆ ಬಿಲ್ಲು ಹಾಕೋಕೆ ಬರಲ್ಲ. ಯಾವುದಕ್ಕೆ ಯಾವುದು ಕಾಯುತ್ತಿದೆ ಅನ್ನುವುದನ್ನು ಗ್ಯಾಂಟ್‌ನಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸಲಿಲ್ಲ.

ಎರಡನೆಯದು ಮೂರು ಅಂಕಿಯ ಅಂದಾಜು. ಇದು ಪರ್ಟ್ ಪದ್ಧತಿಯಿಂದ ಬಂದದ್ದು. 1958ರ ಸುಮಾರಿಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ಇದನ್ನು ರೂಪಿಸಿತು. ಎಲ್ಲ ಸುಸೂತ್ರವಾದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು ಅಂತ ಮೂರು ಅಂಕಿ ಕೇಳಬೇಕು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. 2, 4, 12 ಅಂತ ಹೇಳಿದರೆ 5 ದಿನ ಬರುತ್ತದೆ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದು ಆರರಿಂದ ಭಾಗಿಸಿದರೆ ಎಷ್ಟು ಹಿಂದೆಮುಂದೆ ಆಗಬಹುದು ಅನ್ನುವ ಅಳತೆಯೂ ಸಿಗುತ್ತದೆ. ಇಲ್ಲಿ ಹತ್ತಿರ ಹತ್ತಿರ 1.7 ದಿನ.

ಕೊಟೇಶನ್ ಹಂತಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. "ಎಲ್ಲ ಕೆಟ್ಟರೆ ಎಷ್ಟು?" ಅಂತ ಕೇಳಿದ ಕೂಡಲೇ ಜನ ಏನೇನು ಕೆಡಬಹುದು ಅಂತ ಬಾಯಿಬಿಡುತ್ತಾರೆ. ಗಿರಾಕಿ ಮುಂದೆಯೂ ಒಂದು ದಿನಾಂಕದ ಬದಲು "ಇಷ್ಟರಿಂದ ಇಷ್ಟರೊಳಗೆ" ಅನ್ನಬಹುದು. ಆದರೆ ಎಲ್ಲ ಕೆಲಸಗಳನ್ನು ಕೂಡಿಸುವಾಗ ಈ ಸೂತ್ರ ಒಂದು ಕೆಲಸದ ತಡಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಅಂದುಕೊಳ್ಳುತ್ತದೆ. ನಮ್ಮಲ್ಲಿ ಹಾಗಿರಲ್ಲ. ದರಪಟ್ಟಿ ತಡವಾದರೆ ಬಿಲ್ಲು, ಕಮಿಷನ್, ಕಡಿತ, ಎಲ್ಲ ಒಟ್ಟಿಗೇ ಮುಂದಕ್ಕೆ ಹೋಗುತ್ತವೆ. ಜೊತೆಗೆ ಕೆಲಸ ಶುರುವಾದ ಮೇಲೆ ಆ ಅಂಕಿಗಳನ್ನು ಯಾರೂ ತಿರುಗಿ ನೋಡುವುದಿಲ್ಲ.

ಮೂರನೆಯದು ಪ್ಲ್ಯಾನಿಂಗ್ ಪೋಕರ್. 2002ರಲ್ಲಿ ಜೇಮ್ಸ್ ಗ್ರೆನಿಂಗ್ ಬರೆದು ತಿಳಿಸಿದ ಆಟ. ಎಲ್ಲರ ಕೈಯಲ್ಲೂ 1, 2, 3, 5, 8, 13 ಹೀಗೆ ಕಾರ್ಡ್. ಒಂದು ಕೆಲಸ ಓದಿದ ಮೇಲೆ ಎಲ್ಲರೂ ಒಮ್ಮೆಗೇ ಕಾರ್ಡ್ ತೋರಿಸಬೇಕು. ಅಂಕಿಗಳು ತಾಸಲ್ಲ, ಕೆಲಸದ ಗಾತ್ರ; ಪಾಯಿಂಟ್ ಅಂತಾರೆ. ಒಮ್ಮೆಗೇ ತೋರಿಸಬೇಕು ಅನ್ನುವ ನಿಯಮವೇ ಇದರ ಜೀವಾಳ. ನಮ್ಮ ಆಫೀಸುಗಳಲ್ಲಿ ಸರ್ ಏನಂತಾರೋ ನೋಡಿ ಆಮೇಲೆ ಬಾಯಿ ತೆಗೆಯುವವರೇ ಜಾಸ್ತಿ ಅಲ್ವಾ?

ಕಾಟಾದ ತೂಕ ತೋರಿಸುವ ಪೆಟ್ಟಿಗೆ, ಅಂದರೆ ಇಂಡಿಕೇಟರ್‌ನಿಂದ ತೂಕ ಓದುವ ಕೆಲಸ ಬಂದಾಗ ನಾನು 3 ಹಿಡಿದೆ. ಹೊಸದಾಗಿ ಸೇರಿದ ಹುಡುಗಿ 13 ಹಿಡಿದಳು.

"ಯಾಕವ್ವಾ, 13?"

"ಸರ, ಒಂದೊಂದ ಕಾಟಾಕ್ಕ ಒಂದೊಂದ ಕಂಪನಿ ಇಂಡಿಕೇಟರ್ ಐತ್ರಿ. ಗಾಡಿ ಇನ್ನೂ ಅಳ್ಳಾಡಾಕತ್ತಿರತೈತಿ, ಆಗಲೂ ಅದು ತೂಕ ಕಳಸ್ತಾನ ಇರತೈತ್ರಿ. ನಿಂತ ಮ್ಯಾಲಿನ ತೂಕ ಯಾವುದಂತ ನಾವ ಗುರುತ ಹಿಡೀಬೇಕು. ನಮ್ಮಪ್ಪನ ಟ್ರ್ಯಾಕ್ಟರ್ ಜೋಡಿ ಹೋಗಿ ನೋಡೇನ್ರಿ."

ಇಂಡಿಕೇಟರನ್ನು ಕಂಪ್ಯೂಟರಿಗೆ ಜೋಡಿಸುವ ಸೀರಿಯಲ್ ಪೋರ್ಟಿನಿಂದ ಬರುವ ಅಕ್ಷರಗಳ ಸಾಲು ಒಂದೊಂದು ಮಾಡೆಲ್‌ನಲ್ಲಿ ಒಂದೊಂದು ರೀತಿ. ಕೆಲವದರಲ್ಲಿ ತೂಕ ಸ್ಥಿರವಾಗಿದೆ ಅನ್ನುವ ಗುರುತು ಇರುತ್ತದೆ, ಕೆಲವದರಲ್ಲಿ ಅದೂ ಇಲ್ಲ. ಈ ಮಾತು ಎಕ್ಸೆಲ್ ಹಾಳೆಯ ಮುಂದೆ ಕೂತಿದ್ದರೆ ಹೊರಗೆ ಬರುತ್ತಲೇ ಇರಲಿಲ್ಲ. ಆ ಕೆಲಸವನ್ನು ಮೂರು ತುಂಡು ಮಾಡಿ, ಎಲ್ಲಕ್ಕಿಂತ ಮೊದಲು ಎತ್ತಿಕೊಂಡೆವು.

ಹಾಗಾಗಿ ಪೋಕರ್‌ನಲ್ಲಿ ನನಗೆ ಬೇಕಾದದ್ದು ಜಗಳ, ಅಂಕಿ ಅಲ್ಲ. ಅಂಕಿ ಮಾಲೀಕರ ಕೈಗೆ ಸಿಕ್ಕ ಕೂಡಲೇ "ಒಂದು ಪಾಯಿಂಟ್ ಅಂದ್ರೆ ಎಷ್ಟು ತಾಸು?" ಅಂತ ಕೇಳುತ್ತಾರೆ. ಅಲ್ಲಿಗೆ ಆಟ ಮುಗಿಯಿತು. ಮುಂದಿನ ವಾರದಿಂದ 3 ಇದ್ದದ್ದೆಲ್ಲ ಸುಮ್ನೆ 5 ಆಗುತ್ತದೆ.

ನಾಲ್ಕನೆಯದರಲ್ಲಿ ಅಂದಾಜೇ ಇಲ್ಲ, ಬರೀ ಎಣಿಕೆ. ಇಲ್ಲಿ ಕಾರ್ಡ್ ಅಂದರೆ ಪೋಕರ್‌ನದಲ್ಲ, ಒಂದೊಂದು ಕೆಲಸ ಬರೆದಿಟ್ಟ ಚೀಟಿ. ಪ್ರತಿ ವಾರ ಎಷ್ಟು ಕಾರ್ಡ್ ಪೂರ್ತಿ ಮುಗಿದವು ಅಂತ ಬರೆದಿಡುವುದು. ಮುಂದಿನ ವಾರಗಳು ಹಿಂದಿನ ವಾರಗಳ ಹಾಗೆಯೇ ಇರುತ್ತವೆ ಅಂದುಕೊಂಡು, ಹಳೆಯ ಅಂಕಿಗಳನ್ನು ಚೀಟಿ ಎತ್ತಿದ ಹಾಗೆ ಎತ್ತುತ್ತಾ ಹೋಗುವುದು. ಉಳಿದ ಕಾರ್ಡ್ ಮುಗಿಯಲು ಎಷ್ಟು ವಾರ ಹಿಡಿಯಿತು ಅಂತ ನೋಡುವುದು. ಇದನ್ನೇ ಸಾವಿರಾರು ಸಲ ಮಾಡಿದರೆ ಮಾಂಟೆ ಕಾರ್ಲೋ ಲೆಕ್ಕ. ಗೂಗಲ್ ಶೀಟ್ಸ್‌ನಲ್ಲಿ ಇಂಡೆಕ್ಸ್, ರ‍್ಯಾಂಡ್‌ಬಿಟ್ವೀನ್ ಎಂಬ ಎರಡು ಫಂಕ್ಷನ್ ಗೊತ್ತಿದ್ದರೆ ಶುರು ಮಾಡಬಹುದು.

ಉದಾಹರಣೆಗೆ ಎಂಟು ವಾರಗಳಲ್ಲಿ 3, 5, 2, 6, 4, 0, 5, 4 ಕಾರ್ಡ್ ಮುಗಿದಿವೆ, ಇನ್ನೂ 30 ಉಳಿದಿವೆ ಅಂತಿಟ್ಟುಕೊಳ್ಳಿ. ಸರಾಸರಿ ಪ್ರಕಾರ ಎಂಟು ವಾರ ಚಿಲ್ಲರೆ. ಮಾಂಟೆ ಕಾರ್ಲೋ ಹಾಕಿದರೆ ಎಂಟು ವಾರದಲ್ಲಿ ಮುಗಿಯುವ ಸಾಧ್ಯತೆ ಅರ್ಧಕ್ಕಿಂತ ಕಮ್ಮಿ. ಹತ್ತು ವಾರ ಅಂದರೆ ನೂರಕ್ಕೆ 85ಕ್ಕಿಂತ ಜಾಸ್ತಿ. ಗಿರಾಕಿಗೆ ಹೇಳಬೇಕಾದದ್ದು ಹತ್ತು.

ಆ ಸೊನ್ನೆಯನ್ನು ಅಳಿಸಬೇಡಿ. ಬೆಳಗಾವಿಯಲ್ಲಿ ಗಣೇಶ ಹಬ್ಬದ ವಿಸರ್ಜನೆ ಇರುವ ವಾರ ಕೆಲಸ ಎಷ್ಟು ಸಾಗುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ರಾಜ್ಯೋತ್ಸವದ ದಿನ ಚನ್ನಮ್ಮ ವೃತ್ತದ ಕಡೆ ಗಾಡಿ ತರೋಕೇ ಆಗಲ್ಲ. ತಾಸಿನ ಲೆಕ್ಕದಲ್ಲಿ ಇಂಥವನ್ನು ನೆನಪಿಟ್ಟು ಸೇರಿಸಬೇಕು. ಎಣಿಕೆಯಲ್ಲಿ ಜ್ವರ, ಮದುವೆ, ಹಬ್ಬ ಎಲ್ಲ ತಾವಾಗಿಯೇ ಒಳಗೆ ಸೇರಿರುತ್ತವೆ.

ತಡದ ಸುದ್ದಿ ಎಲ್ಲಕ್ಕಿಂತ ಬೇಗ ಕೊಟ್ಟಿದ್ದು ಇದು. ಪ್ರತಿ ಸೋಮವಾರ ಹೊಸ ದಿನಾಂಕ ತಾನೇ ಬರುತ್ತದೆ, ಯಾರ ಮುಖವನ್ನೂ ನೋಡುವುದಿಲ್ಲ. ಕೊರತೆಯೂ ಇದೆ. ಮೊದಲ ಕೆಲವು ವಾರ ಇದರ ಕೈಯಲ್ಲಿ ಏನೂ ಇರುವುದಿಲ್ಲ. ಒಬ್ಬ ಪುಣೆಗೋ ಬೆಂಗಳೂರಿಗೋ ಕೆಲಸ ಬದಲಿಸಿ ಹೋದರೆ ಹಳೆಯ ಅಂಕಿ ಕೆಲಸಕ್ಕೆ ಬರಲ್ಲ. ಕಾರ್ಡ್ ಒಂದು ಆನೆ, ಒಂದು ಇರುವೆ ಅನ್ನುವ ಹಾಗಿದ್ದರೂ ಕಷ್ಟ. ಪೋಕರ್‌ನಲ್ಲಿ 8 ದಾಟಿದ್ದನ್ನೆಲ್ಲ ತುಂಡು ಮಾಡಿ ಆಮೇಲೆ ಎಣಿಸುತ್ತೇವೆ.

ಎಐ ಚಾಟ್‌ಬಾಟ್‌ಗೂ ಕೇಳಿ ನೋಡಿದ್ದೇವೆ. ಮರೆತ ಕೆಲಸ ನೆನಪಿಸಲು ಒಳ್ಳೆಯದು. ದಿನಗಳ ಅಂಕಿಯನ್ನು ನಂಬಬೇಡಿ, ಅದಕ್ಕೆ ನಮ್ಮ ಕಾಟಾ ಗೊತ್ತಿಲ್ಲ.

ಈಗ ಎಣಿಕೆ ಮುಖ್ಯ, ಉಳಿದವು ಅದರ ಹಿಂದೆ. ಶೀಟ್ ತೋರಿಸುವ ದಿನಾಂಕ ಹಂಗಾಮು ದಾಟಿದ ಕೂಡಲೇ ಪಟ್ಟಿಗೆ ಕತ್ತರಿ. ಏನನ್ನು ಕತ್ತರಿಸಬಹುದು ಅನ್ನುವುದಕ್ಕೆ ಕಾನೂನೇ ಒಂದು ದಾರಿ ಕೊಡುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಬಂದ 14 ದಿನದೊಳಗೆ ರೈತರಿಗೆ ದುಡ್ಡು ಕೊಡಬೇಕು. ಅಂದರೆ ಕಾಟಾ ಚೀಟಿ ಮೊದಲ ದಿನವೇ ಬರಬೇಕು. ಬಿಲ್ಲಿಗೆ ಇನ್ನೊಂದು ವಾರದ ಉಸಿರು ಇದೆ. ಗ್ಯಾಂಗ್ ಕಮಿಷನ್ನಿನ ಲೆಕ್ಕ ಅದರ ಆಚೆ. ಎಂಡಿ ಸಾಹೇಬರು ಕೇಳಿದ ಮೊಬೈಲ್ ಆ್ಯಪ್ ಕಾರ್ಖಾನೆ ಬಂದ್ ಆದ ಮೇಲೆ, ಬೇಸಿಗೆಗೆ. ಈ ಸಲದ ಮೀಟಿಂಗ್‌ನಲ್ಲಿ ಶೀಟ್ ತೆರೆದು ತೋರಿಸಿದಾಗ ಅವರು ಆ್ಯಪ್ ಬಿಟ್ಟುಕೊಟ್ಟರು, ಗೋಡೆಗೆ ಮಾತ್ರ ಗ್ಯಾಂಟ್ ಚಾರ್ಟೇ ಬೇಕು ಅಂದರು.